ಶಾಲುಬಾಯಿಯ ಸಮುದ್ರದ ಸೂಟಿ

ಮೆಹಕರದ ಮಕ್ಕಳೆಲ್ಲ ಶಾಲೆಗೆ ಸೂಟಿ ಬಿಟ್ಟಾಗ ಸೋದರಮಾವನ ಊರಿಗೆ ಹೋದರೆ, ಶಾಲುಬಾಯಿ ಸಮುದ್ರಕ್ಕೆ ಹೋಗಿಬಂದವಳು. ಎಪ್ಪತ್ತೆರಡರ ಬರದ ವರ್ಷ ಅದು. ಬಾವಿಗಳು ತಳ ಕಂಡಿದ್ದವು. ಅವ್ವ ಅಂಜನಾಬಾಯಿ, "ಸೂಟಿ ಅದ ಶಾಲು, ಸಮುದ್ರ ನೋಡ್ಲಾಕ ಹೋಗಮ ನಡಿ" ಎಂದು ಎಂಟು ವರ್ಷದ ಮಗಳನ್ನು ಕರೆದುಕೊಂಡು ಗಂಡನ ಜೊತೆ ಭಾಲ್ಕಿಯಲ್ಲಿ ರೈಲು ಹತ್ತಿದ್ದಳು. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಎಂದು ಆಡಿಕೊಳ್ಳಲು ಊರಲ್ಲಿ ಮಂದಿಯೇ ಉಳಿದಿರಲಿಲ್ಲ.

ದಂಡೆಯ ಮೇಲೆ ಬೆಳ್ಳನೆಯ ಉಪ್ಪಿನ ರಾಶಿ, ಅದರ ಮೇಲಿಂದ ಜಾರಾಟ, ಏಡಿ ಹಿಡಿಯುವ ಆಟ. ಅಪ್ಪ ಅವ್ವ ಇಡೀ ದಿನ ನೀರಿನಲ್ಲೇ ಇರುತ್ತಿದ್ದರು. ಮುಂದೆ ಬೀದರಿನಲ್ಲಿ ಶಾಲೆಯ ಟೀಚರಾದ ಶಾಲುಬಾಯಿ ಈ ಕಥೆಯನ್ನು ತರಗತಿ ತರಗತಿಗೂ ಹೇಳಿ ಹೇಳಿ ನಿವೃತ್ತಳಾದಳು. ಅಷ್ಟು ಓದಿದವಳಿಗೆ ನಿಜ ಹೊಳೆಯಲಿಲ್ಲವೇ ಎಂದರೆ, ಹೊಳೆಯಗೊಡಲಿಲ್ಲ. ಬಾಲ್ಯದಲ್ಲಿ ಇದ್ದ ಒಂದೇ ಸುಖವನ್ನು ಯಾರು ಕೆದಕಿ ನೋಡುತ್ತಾರೆ?

ಈಗ ಅಪ್ಪ ಇಲ್ಲ. ಅವ್ವನಿಗೆ ಮರೆವು. ಕೆಲವು ದಿನ ಮಗಳ ಗುರುತೂ ಹತ್ತುವುದಿಲ್ಲ. ಎಲ್ಲ ಅಳಿಸಿಹೋಗುವ ಮೊದಲು ಆ ಸುಖದ ಜಾಗವನ್ನು ಅವಳಿಗೆ ಒಮ್ಮೆ ತೋರಿಸಬೇಕೆಂಬುದು ಶಾಲುಬಾಯಿಯ ಒಂದೇ ಹಂಬಲವಾಗಿತ್ತು.

"ಅವ್ವಾ, ಸೂಟಿ ಅದ. ಸಮುದ್ರಕ್ಕ ಹೋಗಮ."

ಅಂಜನಾಬಾಯಿ ಕೇಳಿದಳು, "ಈ ವರ್ಷಾನೂ ಮಳಿ ಹೋತೇನು?"

ಶಾಲುಬಾಯಿ ನಕ್ಕುಬಿಟ್ಟಳು. ಮರುದಿನ ನೋಡಿದರೆ ಮುದುಕಿ ಗಂಟು ಕಟ್ಟಿ ಕೂತಿದ್ದಳು. ಜೋಳದ ಹಿಟ್ಟು, ಖಾರಪುಡಿ, ಒಂದು ಗಡಿಗೆ, ಎಣ್ಣೆ ಶೀಶೆ, ಹಳೆ ಸೀರೆ ಹರಿದು ಮಾಡಿದ ಪಟ್ಟಿಗಳು. ವಯಸ್ಸಿನ ಅರಳುಮರಳು ಎಂದುಕೊಂಡು ಮಗಳು ಗಂಟನ್ನೂ ಹೊತ್ತು ಹೊರಟಳು.

ಉಪ್ಪಿನ ಆಗರಗಳು ಅಲ್ಲೇ ಇದ್ದವು. ಮಂದಿ ಮೊಣಕಾಲಿನ ತನಕ ನೀರಲ್ಲಿ ನಿಂತು ಉಪ್ಪು ಎಳೆಯುತ್ತಿದ್ದರು. ರಾಶಿಯ ಮೇಲೆ ಒಂದು ಪುಟ್ಟ ಹುಡುಗಿ ಜಾರಾಡುತ್ತಿದ್ದಳು. "ನೋಡವ್ವಾ, ನಾನೂ ಹಿಂಗೇ ಆಡ್ತಿದ್ನಿ" ಎಂದು ಶಾಲುಬಾಯಿ ತಿರುಗಿದಳು. ಅವ್ವ ಬದುವಿನ ಮೇಲೆ ಕೂತು ಪಾದಗಳಿಗೆ ಎಣ್ಣೆ ಸವರಿ, ಪಟ್ಟಿ ಸುತ್ತಿಕೊಳ್ಳುತ್ತಿದ್ದಳು.

"ಏನ್ ಮಾಡ್ಲಿಕತ್ತಿ ಅವ್ವಾ?"

"ಹುಣ್ಣಿನಾಗ ಉಪ್ಪು ಹೋದ್ರ ಭಾಳ ಉರಿತದ್ರಿ."

ಶಾಲುಬಾಯಿಗೆ ಅವ್ವ ಎಂದೂ 'ರಿ' ಹಚ್ಚಿ ಮಾತಾಡಿರಲಿಲ್ಲ. ಅವ್ವನ ಬಾಯಲ್ಲಿ ಸೂಟಿ ಎಂಬ ಮಾತಿಗೆ ಇದ್ದ ಅರ್ಥ ಅವಳಿಗೆ ಈಗ ತಿಳಿಯಿತು. ತಾನು ಮುದುಕಿಯನ್ನು ಸುಖಕ್ಕೆ ಕರೆತಂದಿರಲಿಲ್ಲ, ಕೂಲಿಗೆ ಕರೆತಂದಿದ್ದಳು.

ಅಂಜನಾಬಾಯಿ ಅವಳ ಕೈ ಹಿಡಿದು, ಅಪರಿಚಿತ ಹೆಂಗಸನ್ನು ನೋಡುವಂತೆ ನೋಡಿ, ರಾಶಿಯ ಮೇಲಿನ ಹುಡುಗಿಯತ್ತ ಬೆರಳು ತೋರಿಸಿ ಸಣ್ಣ ದನಿಯಲ್ಲಿ ಹೇಳಿದಳು.

"ನಮ್ಮ ಶಾಲುಗ ಮಾತ್ರ ಹೇಳಬ್ಯಾಡ್ರಿ, ಬಾಯಾರ. ಸೂಟಿ ಅಂತ ಹೇಳಿ ಕರ್ಕೊಂಡು ಬಂದೀನಿ."

ಶಾಲುಬಾಯಿ ಕೆಳಗೆ ಕೂತು, ಸಡಿಲವಾಗಿದ್ದ ಪಟ್ಟಿಯನ್ನು ಬಿಗಿದು ಕಟ್ಟಿದಳು.

"ಹೇಳಂಗಿಲ್ರಿ" ಎಂದಳು.