ಬಲಕ್ಕೆ ತಟ್ಟಿದ ಪಟ್ಟಿ

ಲಾರಿಯ ಗಾಲಿ ಕೋಲಿನ ಮೇಲೆ ಹಾಯ್ದ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ. ಆ ಕೋಲು ಹಿಡಿದಿದ್ದ ನಮ್ಮ ಮನೆಯವರು, ಗುಡುಸಾಬರು, ಗಾಲಿಯಿಂದ ಮೊಳದಷ್ಟು ಈಚೆ ನಿಂತಿದ್ದರು. ಅವರಿಗೆ ಕಣ್ಣು ಕಾಣುವುದಿಲ್ಲ. ಏನಾಯಿತೆಂದು ನನ್ನ ಕಡೆ ಮುಖ ತಿರುಗಿಸಿದರು. ಅವರು ನಡೆದ ದಾರಿಯನ್ನು ಫೋನಿನಲ್ಲಿ ಜೋಡಿಸಿದವಳು ನಾನೇ.

ನಮ್ಮ ಮೊಮ್ಮಗಳು ಹುಮಾ ಮತ್ತು ಅವಳ ಗೆಳತಿ ವೃಂದಾ ಇಂಡಿ ಪಟ್ಟಣದಲ್ಲಿ ಒಂದು ಮೊಬೈಲ್ ಅಂಗಡಿಯ ಮೇಲೆ ಖೋಲಿ ಹಿಡಿದು ಕೆಲಸ ಮಾಡುತ್ತಾರೆ. ಕಣ್ಣಿಲ್ಲದವರು ಸೊಂಟಕ್ಕೆ ಕಟ್ಟಿಕೊಳ್ಳುವ ಪಟ್ಟಿಯೊಂದಿದೆ. ತಿರುವು ಬಂದಾಗ ಎಡಕ್ಕೋ ಬಲಕ್ಕೋ ಗುಂಯ್ ಎಂದು ನಡುಗಿ ದಾರಿ ತೋರಿಸುತ್ತದೆ. ಆದರೆ ಒಂದೊಂದು ದಾರಿಗೂ ಪ್ರೋಗ್ರಾಮ್ ಬರೆಯಲು ಕಲಿತವರೇ ಬೇಕು. ಈ ಹುಡುಗಿಯರು ಅದನ್ನು ಹಗುರ ಮಾಡಲು ಹೊರಟಿದ್ದರು. ಫೋನಿನ ಮೇಲೆ ಬಣ್ಣಬಣ್ಣದ ತುಂಡುಗಳು, ಅವುಗಳ ಮೇಲೆ ಕನ್ನಡದಲ್ಲಿ ‘ನೇರ ನಡೆ’, ‘ಬಲಕ್ಕೆ ಹೊರಳು’, ‘ನಿಲ್ಲು’. ಹುಮಾ ಅವಕ್ಕೆ ಇಟ್ಟಂಗಿ, ಅಂದರೆ ಇಟ್ಟಿಗೆ, ಅನ್ನುತ್ತಾಳೆ. ಇಟ್ಟಂಗಿ ಮೇಲೆ ಇಟ್ಟಂಗಿ ಇಟ್ಟರೆ ದಾರಿ ತಯಾರು.

“ದಾದಿ, ನೀನಽ ಜೋಡಸು,” ಎಂದಳು ಹುಮಾ ಅಜ್ಜಿಯಾದ ನನಗೆ. “ರಾತ್ರಿ ಸಾಲ್ಯಾಗ ಕಲ್ತ ನಿನಗ ಬಂತಂದ್ರ ಊರಿಗೆಲ್ಲಾ ಬರ್ತೈತಿ.”

“ಅಂದ್ರ ಊರಾಗ ನಾನಽ ಭಾಳ ದಡ್ಡಿ ಅಂತೀ.”

“ಹಂಗಲ್ಲ ದಾದಿ.”

“ಹಂಗಽ ಐತಿ,” ಎಂದರು ಕಟ್ಟೆಯ ಮೇಲಿದ್ದ ನಮ್ಮ ಮನೆಯವರು. “ಜೋಡಸ್ಲಿ ಬಿಡು. ಹೋಟೆಲಿಗೆ ಒಬ್ಬನಽ ಹೋದ್ರ ನನಗ ಅಷ್ಟಽ ಸಾಕು. ನಿಮ್ಮ ದಾದಿ ಲಾಲಬಿ ಕೈ ಹಿಡ್ಕೊಂಡ ಬಂದ್ರ ಗೆಳ್ಯಾರು ಮದಲಗಿತ್ತಿ ಬಂದ್ಲು ಅಂತಾರ.”

ನಮ್ಮೂರು ಝಳಕಿಯಲ್ಲಿ ಮನೆಯಿಂದ ಬಂದೇನವಾಜನ ಚಹಾದ ಹೋಟೆಲಿಗೆ ಹೆದ್ದಾರಿ ದಾಟಬೇಕಿಲ್ಲ. ಹೆದ್ದಾರಿಯನ್ನು ಎಡಕ್ಕೆ ಬಿಟ್ಟು ಪಕ್ಕದ ಮಣ್ಣಿನ ದಾರಿಯಲ್ಲಿ ನಡೆದು, ಬೇವಿನ ಗಿಡದ ಹತ್ತಿರ ಬಲಕ್ಕೆ ಹೊರಳಿದರೆ ಹೋಟೆಲು. ಆ ದಾರಿಯನ್ನು ನಾನು ಅವಸರವಿಲ್ಲದೆ ಜೋಡಿಸಿದೆ. ಇಟ್ಟದ್ದನ್ನು ಓದಿ, ತೆಗೆದು, ಮತ್ತೆ ಇಟ್ಟು ನೋಡಿದೆ. ಅಂಗಳದಲ್ಲಿ ಅವರ ಸೊಂಟಕ್ಕೆ ಪಟ್ಟಿ ಕಟ್ಟಿ, ಹುಮಾ ಫೋನು ಒತ್ತಿ, “ಯಾವ ಕಡೆ ದಾದಾ?” ಎಂದಳು. “ಬಲಕ್ಕ.” “ಈಗ?” “ಎಡಕ್ಕ.” ಒಂದೂ ತಪ್ಪಲಿಲ್ಲ. ನಮಗೆಲ್ಲ ಖುಷಿಯೋ ಖುಷಿ.

ಮರುದಿನ ಅವರು ಮುಂದೆ, ನಾವು ಮೂವರು ಹಿಂದೆ. ಯಾರೂ ಮುಟ್ಟಬಾರದು, ಕೂಗಬಾರದು ಎಂದು ಅವರದೇ ಕರಾರು. ನೇರ ದಾರಿಯಲ್ಲಿ ಮದುಮಗನ ಹಾಗೆ ನಡೆದರು. ಬೇವಿನ ಗಿಡ ಬಂತು. ಪಟ್ಟಿ ಬಲಕ್ಕೆ ಗುಂಯ್ ಎಂದದ್ದು ನನಗೂ ಕೇಳಿಸಿತು. ಅವರು ಸರಕ್ಕನೆ ಎಡಕ್ಕೆ ಸರಿದು ಹೆದ್ದಾರಿಗೆ ಕಾಲಿಟ್ಟರು.

ಕೋಲು ಎರಡು ತುಂಡಾಯಿತು. ಚಾಲಕ ಲಾರಿ ನಿಲ್ಲಿಸಿ ಇಳಿದು ಬಂದ. ಅವನ ಮುಖ ಬಿಳಿಚಿಕೊಂಡಿತ್ತು.

“ಮುತ್ಯಾನ್ನ ಮುಂದ ಬಿಟ್ಟು ಮಜಾ ನೋಡಾಕತ್ತೀರೇನು?”

ನಾನು ಮನೆಯವರ ರಟ್ಟೆ ಹಿಡಿದು ಮಣ್ಣಿನ ದಾರಿಗೆ ಎಳೆದುಕೊಂಡೆ.

ಮನೆಗೆ ಬಂದು ಅವರನ್ನು ಕಟ್ಟೆಯ ಮೇಲೆ ಕೂರಿಸಿದೆವು. ವೃಂದಾ ಸಣ್ಣ ದನಿಯಲ್ಲಿ, “ಅಜ್ಜಿ, ಎಡಾ ಬಲಾ ಅದಲಬದಲ ಆಗಿರಬೇಕೇನ್ರಿ?” ಎಂದಳು. ನಾನು ಫೋನು ತೆಗೆದು ಒಂದೊಂದೇ ಇಟ್ಟಂಗಿ ಓದಿ ತೋರಿಸಿದೆ. ಬೇವಿನ ಗಿಡದ ಹತ್ತಿರ ‘ಬಲಕ್ಕೆ ಹೊರಳು’ ಎಂದೇ ಇತ್ತು. ಪಟ್ಟಿಯೂ ಬಲಕ್ಕೇ ನಡುಗಿತ್ತು. ಹುಮಾ ಅಳುತ್ತ, “ಇದನ್ನ ಇಲ್ಲಿಗೇ ಬಂದ್ ಮಾಡ್ತೇನಿ,” ಎಂದಳು.

ಬಂದ್ ಅಂದದ್ದೇ ಮನೆಯವರು ತಲೆ ಎತ್ತಿದರು. “ಯಾಕ? ನಾ ಅದು ಹೇಳಿದಂಗಽ ನಡದೇನಿ.”

“ಎಡಕ್ಕ ಯಾಕ ಹ್ವಾದ್ರಿ ಮತ್ತ?” ಎಂದೆ.

“ಬಲಕ್ಕ ತಟ್ಟಿತು. ಎಡಕ್ಕ ಸರದೆ. ಎತ್ತಿನ ಬಲಪಕ್ಕಿಗೆ ಬಾರಕೋಲ ಮುಟ್ಟಿಸಿದ್ರ ಅದು ಕೋಲಿನ ಕಡೆ ಬರ್ತೈತೇನು? ತಟ್ಟಿದ ಕಡೆ ಯಾವನರ ಹೋಗ್ತಾನ?”

ಕಣ್ಣು ಹೋಗುವ ತನಕ ಹೊರ್ತಿ ಸಂತೆಗೆ ಚಕ್ಕಡಿ ಹೊಡೆದವರು ಅವರು. ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿದರು.

“ನಾವು ತೋರಿಸಿದವರೆಲ್ಲಾ ತಟ್ಟಿದ ಕಡೇನಽ ಹೊಳ್ಳಿದ್ರು,” ಎಂದಳು ವೃಂದಾ. “ಅದಕ್ಕ ಅದನ್ನ ಒಳಗಽ ಕೂಡ್ಸಿ ಬಿಟ್ಟೇವಿ. ಬದಲ್ ಮಾಡಾಕ ಇಟ್ಟಂಗೀನಽ ಇಲ್ಲ.”

“ಇದು ಮಂದಿಗೆ ಹೋಗೂದು ಯಾವಾಗ?” ಎಂದು ಕೇಳಿದೆ.

“ಬರೂ ಸೋಮವಾರ, ದಾದಿ. ಬಾಗೇವಾಡಿ, ಸಿಂದಗಿ, ಮುದ್ದೇಬಿಹಾಳ, ಎಲ್ಲಾ ಕಡೆ.”

ಎಷ್ಟು ಬೇವಿನ ಗಿಡಗಳು, ಎಷ್ಟು ಲಾರಿಗಳು ಎಂದು ನನ್ನ ತಲೆಯೊಳಗೆ ಬಂತು. ಹುಮಾಳಿಗೂ ಅದೇ ಬಂದಿರಬೇಕು. ಕಣ್ಣೀರು ನಿಂತುಹೋಗಿತ್ತು.

ಸೋಮವಾರ ಮುಂದಕ್ಕೆ ಹೋಯಿತು. ಹುಡುಗಿಯರು ಹೊಸ ಇಟ್ಟಂಗಿ ಮಾಡಿಕೊಂಡು ಬಂದರು. ಒಂದರಲ್ಲಿ ‘ತಟ್ಟಿದ ಕಡೆ ಹೋಗುವವರು’, ಇನ್ನೊಂದರಲ್ಲಿ ‘ತಟ್ಟಿದರೆ ಆಚೆ ಸರಿಯುವವರು’. ಪಟ್ಟಿ ಕಟ್ಟಿಕೊಂಡವರು ಬಯಲಲ್ಲಿ ನಡೆದು ತಾವು ಯಾವ ಥರದವರೆಂದು ತೋರಿಸುವ ತನಕ ಮುಂದಿನ ಯಾವ ಇಟ್ಟಂಗಿಯೂ ಕೆಲಸ ಮಾಡುವುದಿಲ್ಲ. ನಾನು ಎರಡನೆಯದನ್ನು ಎಲ್ಲಕ್ಕೂ ಮೊದಲು ಇಟ್ಟೆ.

“ಅಂದ್ರ ನಾ ಎತ್ತು ಅಂತ ಫೋನಿನ್ಯಾಗ ಬರದಂಗಾತು,” ಎಂದರು ಮನೆಯವರು.

“ಬರದದ್ದು ಈಗ. ಗೊತ್ತಿದ್ದದ್ದು ಭಾಳ ದಿನಾ ಆತು,” ಎಂದೆ.

ಕಣದ ಬಯಲಲ್ಲಿ ತಪ್ಪಿಲ್ಲದೆ ನಡೆದ ಮೇಲೆ ಮತ್ತೆ ಅದೇ ದಾರಿಗೆ ಬಂದೆವು. ಹೊಸ ಕೋಲು. ಈ ಸಲ ನಾನು ಅವರ ಎಡಕ್ಕೆ, ಹೆದ್ದಾರಿಗೂ ಅವರಿಗೂ ನಡುವೆ ನಡೆದೆ. ಅದಕ್ಕೆ ಅವರು ಒಪ್ಪಲೇಬೇಕಾಯಿತು. ಬೇವಿನ ಗಿಡ ಬಂತು. ಪಟ್ಟಿ ಎಡಕ್ಕೆ ಗುಂಯ್ ಎಂದಿತು. ಅವರು ಬಲಕ್ಕೆ ಹೊರಳಿ ನೆಟ್ಟಗೆ ಹೋಟೆಲಿನ ಬೆಂಚಿಗೆ ಹೋದರು.

ನಾನು ಅಲ್ಲೇ ನಿಂತುಬಿಟ್ಟೆ. ನನ್ನ ಬಲಗೈಯ ಮೊಳಕೈ ಮೇಲೆದ್ದಿತ್ತು. ಅವರ ಕಣ್ಣು ಹೋದಾಗಿನಿಂದ ಈ ತಿರುವಿನಲ್ಲಿ ನಾನು ಇದೇ ಕಡೆ ನಡೆದು, ಅವರ ಎಡಪಕ್ಕೆಗೆ ಇದೇ ಮೊಳಕೈ ತಾಗಿಸಿ ಅವರನ್ನು ಬಲಕ್ಕೆ ಹೊರಳಿಸಿಕೊಂಡು ಬಂದಿದ್ದೆ. ಮಾತಿಲ್ಲ ಕತೆಯಿಲ್ಲ. ದಾರಿ ಜೋಡಿಸುವಾಗ ನನಗೆ ಬೇವಿನ ಗಿಡ ನೆನಪಾಗಿತ್ತು, ಹೆದ್ದಾರಿ ನೆನಪಾಗಿತ್ತು. ನನ್ನ ಕೈ ನೆನಪಾಗಿರಲಿಲ್ಲ.

“ಲಾಲಬಿ, ಎಲ್ಲಿ ನಿಂತಿ?” ಎಂದರು ಒಳಗಿನಿಂದ. “ಇವತ್ತೊಂದ ದಿನ ಬಾ. ಚಾ ಕುಡಿ.”

ಮೊಳಕೈ ಇಳಿಸಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.