ಗಾರ್‌ಸೈಡರ ಮೇಲ್ಕಿಟಕಿ

ರಾಜ್ಯಗಳು ಉರುಳಿದ್ದನ್ನೂ ಕಿರೀಟಗಳು ತಲೆ ಬದಲಿಸಿದ್ದನ್ನೂ ಚರಿತ್ರೆ ಒಂದು ಬಿಡದೆ ಬರೆದಿಟ್ಟುಕೊಂಡಿದೆ. ಆದರೆ ಜೂನ್ ತಿಂಗಳ ಒಂದು ಮಧ್ಯಾಹ್ನ, ಕ್ರಾಗ್‌ಡೆನ್ ಪುರಸಭೆ ಊರವರಿಗೆ ತುಂಡುತುಂಡಾಗಿ ಕೊಡುವ ಬಾಡಿಗೆ ತೋಟಗಳಲ್ಲಿ, ಕ್ಲಿಫರ್ಡ್ ಗಾರ್‌ಸೈಡರ ಗಾಜಿನ ಮನೆಯ ಮೇಲ್ಕಿಟಕಿ ನಾಲ್ಕು ಬೆರಳಷ್ಟು ತೆರೆದುಕೊಂಡಿತ್ತು ಎಂಬ ಸಂಗತಿ ಯಾರ ಕಣ್ಣಿಗೂ ಬಿದ್ದಿಲ್ಲ. ಆ ಲೋಪವನ್ನು ಸರಿಪಡಿಸುವುದು ಅಗತ್ಯ. ಏಕೆಂದರೆ ಬೆಳಿಗ್ಗೆ ಅದನ್ನು ಗಾರ್‌ಸೈಡರೇ ತಮ್ಮ ಕೈಯಾರೆ ಮುಚ್ಚಿ, ಮುಚ್ಚಿದೆಯೇ ಎಂದು ಇನ್ನೊಮ್ಮೆ ತಳ್ಳಿ ನೋಡಿ ಮನೆಗೆ ಹೋಗಿದ್ದರು.

ಗಾರ್‌ಸೈಡರು ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದವರು. ಟಿಕೆಟ್ ಇದ್ದವನು ಜೇಬು ಮುಟ್ಟಿಕೊಳ್ಳುತ್ತಾನೆ, ಇಲ್ಲದವನು ಕಿಟಕಿಯಾಚೆ ನೋಡುತ್ತಾನೆ, ಎರಡನ್ನೂ ಮಾಡದೆ ನಗುವವನು ಪಳಗಿದ ಕಳ್ಳ: ಅವರ ಲೋಕಜ್ಞಾನವೆಲ್ಲ ಈ ಸೂತ್ರಗಳ ಮೇಲೆ ನಿಂತಿತ್ತು. ಪಕ್ಕದ ತುಂಡಿನ ಮಿಸೆಸ್ ಪಿಲ್ಲಿಂಗ್ ಯಾವಾಗಲೂ ನಗುತ್ತಿದ್ದರು.

ಆಕೆ ವಿಧವೆ. ಆಗಸ್ಟ್ ತಿಂಗಳ ತರಕಾರಿ ಪ್ರದರ್ಶನದಲ್ಲಿ ಟೊಮೆಟೊ ಬಹುಮಾನ ವರ್ಷವರ್ಷವೂ ಆಕೆಯದೇ. ಒಂದು ತಟ್ಟೆಯಲ್ಲಿ ಐದು ಹಣ್ಣು. ಐದೂ ಒಂದೇ ಗಾತ್ರ, ಒಂದೇ ಬಣ್ಣ, ಹಸಿರು ತೊಟ್ಟು ಬಾಡದೆ ಮೇಲ್ಮುಖವಾಗಿರಬೇಕು. ಗಾರ್‌ಸೈಡರಿಗೆ ಎರಡನೆಯ ಬಹುಮಾನ ಹಲವು ಸಲ ಬಂದಿತ್ತು, ಮೊದಲನೆಯದು ಒಮ್ಮೆಯೂ ಇಲ್ಲ. ಅವರ ಸೊಂಟದ ಮೂಳೆ ಸವೆದಿತ್ತು. ಈ ಶರತ್ಕಾಲಕ್ಕೆ ತೋಟವನ್ನು ಬಿಟ್ಟುಕೊಡುವುದೇ ಸರಿ ಎಂದು ಹೆಂಡತಿ ಬೆರಿಲ್ ತೀರ್ಪು ಕೊಟ್ಟಾಗಿತ್ತು. ಹಾಗಾಗಿ ಇದು ಕೊನೆಯ ಬೇಸಿಗೆ. ವಿಧಿಯ ಕುಚೋದ್ಯವೋ ಏನೋ, ಗಿಡಗಳು ಎಂದೂ ಇಲ್ಲದಷ್ಟು ಚೆನ್ನಾಗಿ ಬಂದಿದ್ದವು.

ಆ ನಾಡಿನ ಬೇಸಿಗೆಯನ್ನು ನಂಬಿದವನೂ ಕೆಟ್ಟ, ನಂಬದವನೂ ಕೆಟ್ಟ. ಬೆಳಗಿನ ಮಂಜಿಗೆ ಮೂಗು ಮರಗಟ್ಟುತ್ತದೆ. ಹತ್ತು ಗಂಟೆಗೆ ಬೋಳುತಲೆ ಸುಲಿಯುವ ಬಿಸಿಲು. ಚಹಾದ ಹೊತ್ತಿಗೆ ಬಟಾಣಿ ಗಾತ್ರದ ಆಲಿಕಲ್ಲು. ರೇಡಿಯೋದವರು ಅಲ್ಲಲ್ಲಿ ಬಿಸಿಲು, ಅಲ್ಲಲ್ಲಿ ಮಳೆ ಎನ್ನುತ್ತಿದ್ದರು. ಇದು ಹುಟ್ಟುವುದು ಗಂಡು, ತಪ್ಪಿದರೆ ಹೆಣ್ಣು ಎಂದು ಜ್ಯೋತಿಷಿ ಹೇಳಿದ ಹಾಗೆ. ಗಾರ್‌ಸೈಡರ ಚೀಲದಲ್ಲಿ ಉಣ್ಣೆಯ ಅಂಗಿ, ಮಳೆಯಂಗಿ, ಹುಲ್ಲಿನ ಟೋಪಿ ಮೂರೂ ಇರುತ್ತಿದ್ದವು. ಗಿಡಗಳಿಗೂ ಚಳಿಗೆ ಬಿಳಿ ಬಟ್ಟೆ, ಬಿಸಿಲಿಗೆ ಹಸಿರು ಬಲೆ. ಆದರೆ ಗಾಜಿನ ಮನೆಯ ಪ್ರಾಣವೆಲ್ಲ ಮೇಲ್ಕಿಟಕಿಯಲ್ಲಿ. ಚಳಿಯಲ್ಲಿ ತೆರೆದಿದ್ದರೆ ಹೂವು ಉದುರುತ್ತದೆ, ಬಿಸಿಲಲ್ಲಿ ಮುಚ್ಚಿದ್ದರೆ ಹಣ್ಣು ಬೇಯುತ್ತದೆ.

ಕಿಟಕಿಯನ್ನು ತೆರೆದು ಮುಚ್ಚುವ ಸರಳು ಇರುವುದು ಒಳಗೆ. ಎಂದರೆ ಯಾರೋ ಬಾಗಿಲ ಚಿಲಕ ತೆಗೆದು ಒಳಗೆ ಹೋಗಿದ್ದರು. ಇದು ಸಣ್ಣ ಮಾತಲ್ಲ. ಬಾಡಿಗೆ ತೋಟಗಳಲ್ಲಿ ಕರೆಯದೆ ಇನ್ನೊಬ್ಬರ ತುಂಡಿನ ಮೇಲೆ ಕಾಲಿಡುವ ಪದ್ಧತಿಯೇ ಇಲ್ಲ. ನಿಮ್ಮ ಟೋಪಿ ಹಾರಿ ಪಕ್ಕದವರ ಕೋಸಿನ ಮೇಲೆ ಬಿದ್ದರೂ ಕಾಲುದಾರಿಯಲ್ಲಿ ನಿಂತು ಕೆಮ್ಮಬೇಕು. ಅವರು ತಲೆ ಎತ್ತುವವರೆಗೆ ಕೆಮ್ಮುತ್ತಲೇ ಇರಬೇಕು.

ಮುಂದಿನ ವಾರ ಗಾರ್‌ಸೈಡರು ಸೆಕೆಯೆಂದು ಕಿಟಕಿ ತೆರೆದಿಟ್ಟು ಊಟಕ್ಕೆ ಹೋದರು. ಅರ್ಧ ಊಟದಲ್ಲಿ ಆಲಿಕಲ್ಲು. ಕುಂಟುತ್ತ ಓಡಿ ಬಂದು ನೋಡಿದರೆ ಕಿಟಕಿ ಮುಚ್ಚಿತ್ತು. ಒಂದು ಎಲೆಗೂ ಏಟಾಗಿರಲಿಲ್ಲ. ಗಾರ್‌ಸೈಡರ ಮನಸ್ಸಿನಲ್ಲಿ ಪಕ್ಕದ ತುಂಡಿನಾಕೆಯ ಮೇಲಿದ್ದ ಅನುಮಾನ ಖಚಿತವಾಯಿತು.

ಬೇಲಿಯಾಚೆಯಿಂದ ಮಿಸೆಸ್ ಪಿಲ್ಲಿಂಗ್ ಇದ್ದಕ್ಕಿದ್ದಂತೆ ಚಳಿಯಾಯಿತಲ್ಲ ಎಂದರು. ಹೌದು, ಚಳಿಯಾಯಿತು ಎಂದರು ಗಾರ್‌ಸೈಡರು. ಆಕೆ ನಕ್ಕರು. ಅಲ್ಲಿನವರು ಹವೆಯ ಮಾತನ್ನಲ್ಲದೆ ಬೇರೆ ಮಾತಾಡುವುದು ಹೆತ್ತವರು ಸತ್ತಾಗ ಮಾತ್ರ, ಅದೂ ಮಳೆಯಿಲ್ಲದಿದ್ದರೆ. ಆದರೂ ಗಾರ್‌ಸೈಡರಿಗೆ ಆ ಮಾತಿನಲ್ಲಿ ತಪ್ಪೊಪ್ಪಿಗೆಯೂ ಸವಾಲೂ ಒಟ್ಟಿಗೆ ಕೇಳಿಸಿದವು.

ರಾತ್ರಿಯ ಊಟಕ್ಕೆ ಕೂತಾಗ ಬೆರಿಲ್ ಎಲ್ಲ ಕೇಳಿಸಿಕೊಂಡಳು.

"ಗಿಡಕ್ಕೇನಾದ್ರೂ ಆಗಿದ್ಯಾ?"

"ಇಲ್ಲ. ಚೆನ್ನಾಗೇ ಇದೆ. ಅದೇ ನಂಗೆ ಅನುಮಾನ."

"ಹಂಗಾದ್ರೆ ಹೋಗಿ ಕೇಳು ಮಾರಾಯ, ಬಾಯಿಲ್ವಾ ನಿಂಗೆ?"

ಗಾರ್‌ಸೈಡರು ಫೋರ್ಕ್ ಕೆಳಗಿಟ್ಟರು. ಚರ್ಚಿಗೆ ಬರಿಮೈಯಲ್ಲಿ ಹೋಗಿ ಬಾ ಎಂದಿದ್ದರೂ ಅವರು ಅಷ್ಟು ಗಾಬರಿಯಾಗುತ್ತಿರಲಿಲ್ಲ. ಕೇಳಿದರೆ ಅದು ಆರೋಪ. ಆರೋಪ ಹೊರಿಸಿದ ಮೇಲೆ ಪಕ್ಕದಲ್ಲೇ ಮಣ್ಣು ಕೆದಕುತ್ತ ಕೂರುವುದು ಹೇಗೆ? ಅದರ ಬದಲು ಅವರು ಅಡುಗೆಮನೆಯಿಂದ ಹಿಟ್ಟು ಒಯ್ದು ಗಾಜಿನ ಮನೆಯ ಬಾಗಿಲಲ್ಲಿ ತೆಳ್ಳಗೆ ಚೆಲ್ಲಿದರು. ಮಳೆ ಬಂದು ಅದನ್ನು ಕಣಕ ಮಾಡಿತು, ಹಿಂದೆಯೇ ಬಿಸಿಲು ಬಂದು ಅದನ್ನು ಬೇಯಿಸಿತು. ಆ ರೊಟ್ಟಿಯ ನಡುವೆ ಒಂದು ಸಣ್ಣ ಬೂಟಿನ ಗುರುತು ಅಚ್ಚೊತ್ತಿದಂತೆ ನಿಂತಿತು. ಮಿಸೆಸ್ ಪಿಲ್ಲಿಂಗ್ ಬಿಟ್ಟರೆ ಸುತ್ತಮುತ್ತ ಅಷ್ಟು ಸಣ್ಣ ಪಾದ ಇನ್ನಾರಿಗೂ ಇರಲಿಲ್ಲ.

ಅಂದಿನಿಂದ ಅವರು ಹಣ್ಣುಗಳನ್ನು ಭೂತಗನ್ನಡಿಯಿಂದ ಪರೀಕ್ಷಿಸತೊಡಗಿದರು. ಸೂಜಿ ಚುಚ್ಚಿದ ಗುರುತಿದೆಯೇ, ಬೇರಿಗೆ ಉಪ್ಪುನೀರು ಬಿದ್ದಿದೆಯೇ? ಮಣ್ಣನ್ನು ನಾಲಿಗೆಗೆ ಮುಟ್ಟಿಸಿ ನೋಡಿದರು. ಮಣ್ಣಿನ ಹಾಗೇ ಇತ್ತು. ಹಣ್ಣುಗಳು ಮಾತ್ರ ಯಾರ ಹಂಗೂ ಇಲ್ಲದೆ ಕೆಂಪಾಗುತ್ತಿದ್ದವು. ಇಷ್ಟು ಚೆನ್ನಾಗಿ ಬೆಳೆಯಲು ಬಿಟ್ಟು ಕೊನೆಯ ವಾರ ಕುತ್ತಿಗೆ ಕೊಯ್ಯುವುದೇ ಆಕೆಯ ಹಂಚಿಕೆ ಎಂದು ಗಾರ್‌ಸೈಡರಿಗೆ ಹೊಳೆಯಿತು. ಪ್ರದರ್ಶನಕ್ಕೆ ಕೆಲವೇ ದಿನ ಉಳಿದಾಗ ಪೇಟೆಗೆ ಹೋಗಿ ಹಿತ್ತಾಳೆಯ ಬೀಗ ತಂದು ಬಾಗಿಲಿಗೆ ಜಡಿದರು.

ಮರುದಿನ ಸೊಂಟದ ವಿಷಯಕ್ಕೆ ಆಸ್ಪತ್ರೆಗೆ ಹೋಗಬೇಕಿತ್ತು. ಬೆಳಿಗ್ಗೆ ಬೆಟ್ಟವೆಲ್ಲ ಮಂಜು, ತಣ್ಣನೆಯ ಜಿನುಗು. ದಿನವಿಡೀ ಮೋಡ ಎಂದು ರೇಡಿಯೋ ಹೇಳಿತು. ಗಾರ್‌ಸೈಡರು ಕಿಟಕಿ ಮುಚ್ಚಿ, ಬೀಗ ಹಾಕಿ, ಬೀಗದ ಕೈಯನ್ನು ಅಂಗಿಯ ಒಳಜೇಬಿಗಿಟ್ಟು ಬಸ್ಸು ಹತ್ತಿದರು.

ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದಾಗ ನೆಲದ ಮೇಲೆ ಒಂದು ಬಿಸಿಲಿನ ಪಟ್ಟೆ ಬಿತ್ತು. ಅದು ಅಗಲವಾಯಿತು. ಜನ ಕೋಟು ಕಳಚಿದರು. ದಾದಿ ಕಿಟಕಿಗಳನ್ನೆಲ್ಲ ತೆರೆದಳು. ಗಾರ್‌ಸೈಡರ ಕೈ ಮತ್ತೆ ಮತ್ತೆ ಒಳಜೇಬಿಗೆ ಹೋಯಿತು. ಎದ್ದು ಹೋಗಿಬಿಡೋಣ ಎಂದು ಒಮ್ಮೆ ಅನ್ನಿಸಿತು. ಆದರೆ ಸರದಿ ಬಿಟ್ಟು ಏಳುವುದು ಆ ದೇಶದಲ್ಲಿ ಪ್ರಾಣ ಹೋಗುವಾಗ ಮಾತ್ರ, ಅದೂ ಪಕ್ಕದವರಿಗೆ ಹೇಳಿ. ಅವರು ಕೂತೇ ಇದ್ದರು. ಏನೇ ಆಗಲಿ, ಬೀಗವಿದೆ ಎಂದು ಸಮಾಧಾನ ಮಾಡಿಕೊಂಡರು.

ತೋಟಕ್ಕೆ ಬಂದಾಗ ಆ ವರ್ಷದ ಅತಿ ಹೆಚ್ಚಿನ ಸೆಕೆ. ಗಾಜಿನ ಮನೆಯ ಮೇಲೆ ಮಂಚದ ಬಿಳಿಯ ಹಾಸುಬಟ್ಟೆಗಳು ಹರಡಿದ್ದವು. ಮಿಸೆಸ್ ಪಿಲ್ಲಿಂಗ್ ಗಾರ್‌ಸೈಡರ ತುಂಡಿನಲ್ಲೇ, ಹಗಲು ಹೊತ್ತಿನಲ್ಲೇ, ನೀರಿನ ಕ್ಯಾನು ಹಿಡಿದು ಅವುಗಳ ಮೇಲೆ ನೀರು ಸುರಿಯುತ್ತಿದ್ದರು. ಆಕೆಯ ಮುಖ ಬೀಟ್‌ರೂಟಿನಂತಾಗಿತ್ತು. ಮೊದಲ ಬಾರಿಗೆ ನಗುತ್ತಿರಲಿಲ್ಲ.

"ಬೀಗ ಹಾಕ್ಬಿಟ್ಟಿದೀರಿ, ಮಿಸ್ಟರ್ ಗಾರ್‌ಸೈಡ್."

"ಹೌದು."

"ನಾನು ನನ್ನ ಕಿಟಕಿ ತೆಗೆಯೋಕೆ ಬಂದಾಗೆಲ್ಲ ನಿಮ್ದೂ ತೆಗೀತಿದ್ದೆ. ಮುಚ್ಚೋವಾಗ ಮುಚ್ತಿದ್ದೆ. ಕೈ ಹಂಗೇ ಹೋಗ್ಬಿಡತ್ತೆ. ಹೇಳ್ಬೇಕಿತ್ತು. ಆದ್ರೆ ಕರೀದೆ ಒಳಗೆ ಬಂದಿದ್ದೆ ಅಂತ ಯಾವ ಬಾಯಲ್ಲಿ ಹೇಳ್ಲಿ?"

ಗಾರ್‌ಸೈಡರು ಬೀಗ ತೆಗೆದರು. ಒಳಗಿನಿಂದ ಸಾರು ಕುದಿಯುವ ವಾಸನೆ ಬಂತು. ಎಲೆಗಳು ಜೋತುಬಿದ್ದಿದ್ದವು. ಪ್ರದರ್ಶನಕ್ಕೆಂದು ಆರಿಸಿಟ್ಟುಕೊಂಡಿದ್ದ ಹಣ್ಣುಗಳ ತೊಟ್ಟಿನ ಸುತ್ತೆಲ್ಲ ಬಿಳಿಚಿದ, ಕಾಗದದಂಥ ಕಲೆಗಳು. ಒಂದನ್ನು ಮುಟ್ಟಿದರೆ ಬೆರಳು ಒಳಗೆ ಹೋಯಿತು.

"ಒಂದು ಗಾಜು ಒಡೀಬಹುದಿತ್ತಲ್ಲ," ಎಂದರು ಗಾರ್‌ಸೈಡರು.

"ಬೇರೆಯವರ ಗಾಜು ಒಡೆಯೋದಾ?" ಮಿಸೆಸ್ ಪಿಲ್ಲಿಂಗ್ ನಿಜವಾಗಿಯೂ ನೊಂದುಕೊಂಡರು. "ನಾನೇನು ಅಂಥವಳಾ?"

ಆಕೆ ಹಾಸಿನ ಆ ತುದಿ ಹಿಡಿದರು, ಗಾರ್‌ಸೈಡರು ಈ ತುದಿ ಹಿಡಿದರು. ಹಿಂಡಿ, ಮಡಿಚಿ, ಒಂದರ ಮೇಲೊಂದು ಇಟ್ಟರು. ಕ್ಷಮೆ ಕೇಳಬೇಕೆಂದು ಗಾರ್‌ಸೈಡರಿಗೆ ಅನ್ನಿಸಿತು. ಸರಿಯಾದ ಮಾತಿಗಾಗಿ ತಡಕಾಡಿದರು.

"ಇವತ್ತು ಸೆಕೆ ಆಗ್ಬಿಡ್ತು," ಎಂದರು.

"ಹೌದು, ಸೆಕೆ ಆಯ್ತು," ಎಂದರು ಮಿಸೆಸ್ ಪಿಲ್ಲಿಂಗ್.

ಮನೆಗೆ ಹೋಗುವ ದಾರಿಯಲ್ಲಿ ಗಾರ್‌ಸೈಡರು ನಿಂತು, ತಿರುಗಿ ನೋಡಿದರು. ಕಿಟಕಿ ತೆಗೆಯುತ್ತಿದ್ದಳು, ಮುಚ್ಚುತ್ತಿದ್ದಳು, ಸರಿ. ಆದರೆ ಕೊನೆಗೆ ನಾನಾಗಿಯೇ ಬೀಗ ಹಾಕಿಕೊಳ್ಳುತ್ತೇನೆಂದು ಆಕೆಗೆ ಮೊದಲೇ ಗೊತ್ತಿದ್ದರೆ? ಈ ಯೋಚನೆಯನ್ನು ಬೆರಿಲ್‌ಗೆ ಹೇಳಲಿಲ್ಲ.

ಪ್ರದರ್ಶನದಲ್ಲಿ ಟೊಮೆಟೊ ವಿಭಾಗದ ಮೊದಲ ಬಹುಮಾನ ಮಿಸೆಸ್ ಪಿಲ್ಲಿಂಗ್ ಅವರಿಗೆ ಬಂತು. ಗಾರ್‌ಸೈಡರು ತಟ್ಟೆ ಇಟ್ಟಿರಲಿಲ್ಲ.