ಸದ್ದಿಲ್ಲದ ಬಸ್ಸು

ಬಸ್ಸಿಗೆ ಜೀವ ಬಂದಿದೆಯೋ ಇಲ್ಲವೋ ತಿಳಿಯಲು ಅವಳಿಗೆ ಈಗ ಒಂದು ಹಸಿರು ದೀಪ ಬಿಟ್ಟರೆ ಬೇರೆ ಗತಿಯಿರಲಿಲ್ಲ. ಹದಿನಾಲ್ಕು ವರ್ಷ ಡೀಸೆಲ್ ಬಸ್ಸು ಓಡಿಸಿದವಳು. ಕೀಲಿ ತಿರುಗಿಸಿದರೆ ಸೀಟು ನಡುಗಬೇಕು, ಗೇರಿನ ಕೋಲು ಗದಗದಿಸಬೇಕು, ಕಿಟಕಿಯ ಗಾಜು ಹಲ್ಲು ಕಡಿಯಬೇಕು. ಆಗ ಬಸ್ಸು ಎದ್ದಿತೆಂದು ಅರ್ಥ. ಈ ಕರೆಂಟಿನ ಬಸ್ಸೋ, ಎಚ್ಚರವಿದ್ದೂ ಕಣ್ಣು ಮುಚ್ಚಿ ಮಲಗಿದ ಹಾಗೆ. ಮೂರು ವಾರದ ತರಬೇತಿಯಲ್ಲಿ ಒಂದು ದಿನವೂ ಅವಳ ಭಯ ಕರಗಲಿಲ್ಲ: ಇದು ಬರುವುದು ಯಾರಿಗೂ ಕೇಳಿಸುವುದಿಲ್ಲವಲ್ಲ, ನನ್ನ ಕೈಯಲ್ಲಿ ಯಾರದಾದರೂ ಜೀವ ಹೋದರೆ?

ಹೇಳಿಕೊಂಡರೆ ಡಿಪೋದವರು ನಕ್ಕರು. "ಅಕ್ಕಂಗೆ ಗಡಗಡ ಅನ್ನದಿದ್ರೆ ನಿದ್ದೇನೇ ಬರಲ್ಲ. ಭಾವನ ಗೊರಕೆ ರೆಕಾರ್ಡ್ ಮಾಡಿ ಬಸ್ಸಿಗೆ ಹಾಕೋಣ ಬಿಡಿ!"

ಅವಳೂ ನಕ್ಕಳು. ಭಯ ಮಾತ್ರ ನಗಲಿಲ್ಲ.

ಹಾಗಂತ ಹೊಸ ಬಸ್ಸು ಬೇಡವೆನ್ನುವವಳಲ್ಲ. ತರಬೇತಿಗೆ ಎಲ್ಲರಿಗಿಂತ ಮೊದಲು ಹೆಸರು ಕೊಟ್ಟವಳೇ ಅವಳು. ಅದಕ್ಕೆ ಕಾರಣ ಅವಳ ಸೋದರಮಾವ, ಡಿಪೋದಲ್ಲಿ ಬಸ್ಸು ರಿಪೇರಿಯ ಹಿರಿಯ ಮೇಸ್ತ್ರಿ. ತಾಯಿ ಇಲ್ಲದ ಅವಳನ್ನು ಅವಚಿ ಸಾಕಿದ ಆ ಎದೆ ಈಗ ಡೀಸೆಲ್ ಹೊಗೆ ಕುಡಿದು ಕುಡಿದು ಸೋತಿತ್ತು. ಎರಡು ಮೆಟ್ಟಿಲು ಹತ್ತಿದರೆ ಏದುಸಿರು. ಆದರೂ ಯಾವುದೇ ಬಸ್ಸಿನಡಿ ಒಂದು ತೊಟ್ಟು ಕಂಡರೆ ಸಾಕು, ಬೆನ್ನ ಮೇಲೆ ಮಲಗಿ ಒಳಗೆ ನುಸುಳಿ, ತೊಟ್ಟನ್ನು ಬೆರಳಿಗೆ ಹಿಡಿದು ಮೂಸಿ, ಇಂಜಿನ್ನಿನ ಎಣ್ಣೆಯೋ ಬ್ರೇಕಿನ ಎಣ್ಣೆಯೋ ಹೇಳಿಬಿಡುವರು. ಮೇಲೆ ಯಾರಾದರೂ ಸ್ಟಾರ್ಟ್ ಮಾಡಿದರೆ, ಆ ಮೊದಲ ಸದ್ದಿಗೇ ಸ್ಪ್ಯಾನರಿನಿಂದ ತಗಡು ಬಡಿದು, "ತಡೀರೋ, ನಾನಿದ್ದೀನಿ!" ಎಂದು ಕೂಗುವರು. ಎಲ್ಲ ಮೇಸ್ತ್ರಿಗಳದ್ದೂ ಅದೇ ಪದ್ಧತಿ. ಎಲ್ಲೂ ಬರೆದಿಟ್ಟದ್ದಲ್ಲ, ಡಿಪೋ ಕಿವಿಯನ್ನು ನಂಬಿ ಬದುಕಿತ್ತು.

ಹೊಸ ಬಸ್ಸುಗಳು ಮೊದಲ ಸಲ ಬೀದಿಗಿಳಿಯುವ ಬೆಳಿಗ್ಗೆ ಮ್ಯಾನೇಜರು ನಿಂತಲ್ಲಿ ನಿಲ್ಲುತ್ತಿರಲಿಲ್ಲ. "ನೋಡಿ, ನಮ್ಮ ದೇಶದವರು ಎಲ್ಲಾ ದೇಶಗಳ ಸಭೇಲಿ ಮಾತು ಕೊಟ್ಟು ಬಂದಿದ್ದಾರೆ, ಊರಿನ ಬಸ್ಸುಗಳ ಹೊಗೆ ಅರ್ಧಕ್ಕಿಳಿಸ್ತೀವಿ ಅಂತ. ಈ ಬಸ್ಸುಗಳು ಬಂದಿದ್ದೂ ಆ ಮಾತಿನ ಮೇಲೇ. ಮಾತು ಉಳಿಸ್ಕೊಂಡಿದ್ದೀವಾ ಅಂತ ನೋಡೋಕೆ ಆ ಸಭೆಯಿಂದ ವಿದೇಶಿ ವೀಕ್ಷಕರು ಬಂದಿದ್ದಾರೆ. ಒಂಬತ್ತಕ್ಕೆ ಸರಿಯಾಗಿ ನಲವತ್ತೂ ಬಸ್ಸು ಸಾಲಾಗಿ ಹೊರಡಬೇಕು. ಮೊದಲನೇದು ನಿಮ್ಮದಮ್ಮ. ಅವರು ನಿಮ್ಮ ಬಸ್ಸಲ್ಲೇ ಕೂರ್ತಾರೆ."

ಆರು ಮಂದಿ ವೀಕ್ಷಕರು ಹತ್ತಿ ಕೂತರು. ಅವರಿಗೆ ಸೆಕೆಯಾಗಬಾರದೆಂದು ಎಂಟರಿಂದಲೇ ಏಸಿ ಓಡುತ್ತಿತ್ತು. ಒಂಬತ್ತಕ್ಕೆ ಒಂದು ನಿಮಿಷವಿದೆ ಎನ್ನುವಾಗ ಅವಳು ಕಣ್ಣು ಮುಚ್ಚಿ ದೇವರ ಹೆಸರು ಹೇಳಿಕೊಂಡಳು. ಮುಂದೆ ಮ್ಯಾನೇಜರು ಹಸಿರು ಬಾವುಟ ಬೀಸಿದರು. ಬ್ರೇಕು ಬಿಟ್ಟು ಪಾದ ತಾಗಿಸಿದಳು. ಬಸ್ಸು ನೀರಿನ ಮೇಲಿನ ಎಲೆಯಂತೆ ಒಂದು ಗೇಣು ಜಾರಿತು.

ಆಗ ಎಡಗನ್ನಡಿಯಲ್ಲಿ ಕಂಡಿತು: ಬಸ್ಸಿನಡಿಯಿಂದ ಸಣ್ಣಗೆ ಹರಿದು ಬರುತ್ತಿದ್ದ ತೇವದ ಗೆರೆ.

ಏಸಿಯ ನೀರು. ಅವಳಿಗೆ ಗೊತ್ತಿತ್ತು. ಮಾವನಿಗೆ? ಹಳೆಯ ಬಸ್ಸುಗಳಲ್ಲಿ ಏಸಿ ಇರಲಿಲ್ಲ, ಮೇಸ್ತ್ರಿಗಳ ತರಬೇತಿ ಇನ್ನೂ ಶುರುವೇ ಆಗಿರಲಿಲ್ಲ. ಕಂಬದ ಹತ್ತಿರ ಈಗಷ್ಟೇ ಚಹಾ ಹೀರುತ್ತ ನಿಂತಿದ್ದರಲ್ಲ? ಲೋಟ ನೆಲದ ಮೇಲಿತ್ತು. ಅರ್ಧ ಚಹಾ ಹಾಗೇ ಇತ್ತು. ಮಾವ ಇರಲಿಲ್ಲ.

ಬ್ರೇಕು ತುಳಿದಳು, ಕೈಬ್ರೇಕು ಎಳೆದಳು, ಕೀಲಿ ತಿರುಗಿಸಿದಳು. ಆರಿತೋ ಇಲ್ಲವೋ ನಂಬಿಕೆ ಬರಲಿಲ್ಲ. ಕೀಲಿಯನ್ನು ಕಿತ್ತು ಮುಷ್ಟಿಯಲ್ಲಿ ಹಿಡಿದೇ ಕೆಳಗೆ ಹಾರಿದಳು.

"ಏನಮ್ಮಾ ಇದು! ಒಳಗೆ ವೀಕ್ಷಕರು ಕೂತಿದ್ದಾರೆ, ಮಾನ ಕಳೀತೀಯಾ?" ಮ್ಯಾನೇಜರು ಓಡಿ ಬಂದರು.

ಅವಳು ಮೊಣಕಾಲೂರಿ ಬಗ್ಗಿದಳು. ಹಿಂದಿನ ಚಕ್ರದ ಪಕ್ಕದಲ್ಲಿ ಎರಡು ಪಾದ. ಅಲುಗಾಡುತ್ತಿರಲಿಲ್ಲ.

"ಮಾವಾ!"

ಪಾದ ಹಿಡಿದು ಅಲುಗಾಡಿಸಿದಳು.

"ಎಣ್ಣೆ ಅಲ್ಲ ಕಣೇ ಇದು!" ಒಳಗಿನಿಂದ ದನಿ. "ವಾಸನೇನೇ ಇಲ್ಲ. ಬರೀ ನೀರು. ಎಂಥಾ ಬಸ್ಸು ತಂದಿದ್ದಾರೆ ಮಾರಾಯ್ತಿ, ಕೂಸಿನ ಹಾಗೆ ಒದ್ದೆ ಮಾಡ್ಕೊಳ್ಳುತ್ತೆ. ಬರ್ತೀನಿ ತಡಿ... ಅಂಗಿ ಯಾಕೋ ಸಿಕ್ಕೊಂಡಿದೆ, ಎಳಿ ನೋಡೋಣ."

ಎಳೆಯಲು ಹೋದಳು. ಅಂಗಿಯ ಅಂಚು ಚಕ್ರದಡಿಯಲ್ಲಿತ್ತು.

ಅವಳ ಮುಖ ನೋಡಿ ಮಾವ ಕತ್ತು ಹೊರಳಿಸಿ ಚಕ್ರ ನೋಡಿದರು. ಅದು ಪಕ್ಕೆಲುಬಿಗೆ ನಾಲ್ಕು ಬೆರಳಿನಷ್ಟು ದೂರದಲ್ಲಿತ್ತು.

"ಸ್ಟಾರ್ಟ್ ಮಾಡಿದ್ಯಾ?"

"ಎಂಟರಿಂದ ಆನ್ ಇದೆ ಮಾವ."

ಜನ್ಮವೆಲ್ಲ ಬಸ್ಸಿನಡಿಯಲ್ಲೇ ಸವೆಸಿದವರು ಮೇಲಿನ ತಗಡನ್ನು ಅಂಗೈಯಿಂದ ಮುಟ್ಟಿ ನೋಡಿದರು. ಅವಳು ಅಂಗಿಯನ್ನು ಹರಿದು ಬಿಡಿಸಿದಳು. ಹೊರಗೆ ಬಂದು ಕೂತು ಅವರು ಹರಿದ ಅಂಚನ್ನು ಬೆರಳಿಗೆ ಸುತ್ತಿಕೊಂಡರು.

"ಸರಿ, ಏನೂ ಆಗಲಿಲ್ಲವಲ್ಲ, ಹತ್ತಮ್ಮ," ಎಂದರು ಮ್ಯಾನೇಜರು. ಅವರ ಮುಖವೂ ಬಿಳಿಚಿಕೊಂಡಿತ್ತು.

"ಮಿಕ್ಕ ಬಸ್ಸುಗಳ ಅಡಿ ಯಾರಿದ್ದಾರೆ?"

ಮ್ಯಾನೇಜರು ಬಸ್ಸುಗಳ ಸಾಲಿನತ್ತ ನೋಡಿದರು.

"ನೋಡೋವರೆಗೂ ಹೊರಡಲ್ಲ ಸಾರ್. ಇನ್ಮೇಲೆ ಬಸ್ಸಿನಡಿ ಹೋಗೋರು ಆ ಬಸ್ಸಿನ ಕೀಲಿ ಜೇಬಲ್ಲಿಟ್ಕೊಂಡೇ ಹೋಗಬೇಕು. ಇವತ್ತೇ ಬರೆದು ಹಾಕಿ."

"ಒಂಬತ್ತಾಯ್ತಲ್ಲಮ್ಮಾ! ವೀಕ್ಷಕರು ನಿಮಿಷ ಎಣಿಸ್ತಿದ್ದಾರೆ!"

"ನಾವೂ ಎಣಿಸೋಣ. ಬೆಳಿಗ್ಗೆ ಬಂದ ಮೇಸ್ತ್ರಿಗಳು ಎಷ್ಟು ಜನ, ಈಗ ಕಾಣೋರು ಎಷ್ಟು ಜನ."

ಸಾಲಿನುದ್ದಕ್ಕೂ ಡ್ರೈವರುಗಳು ಒಬ್ಬೊಬ್ಬರಾಗಿ ಇಳಿದು ಬಗ್ಗಿದರು. ಗೊರಕೆಯ ಮಾತಾಡಿದವನು ಎಲ್ಲರಿಗಿಂತ ಮೊದಲು ಬಗ್ಗಿದ್ದ. ಮೇಸ್ತ್ರಿಗಳೆಲ್ಲ ಸಿಕ್ಕರು. ಅವಳ ಬಸ್ಸು ಗೇಟು ದಾಟುವಾಗ ಒಂಬತ್ತು ಗಂಟೆ ಹನ್ನೊಂದು ನಿಮಿಷ.

ಬೀದಿಗೆ ಬಂದ ಮೇಲೆ ಅವಳು ವೇಗ ಇನ್ನಷ್ಟು ಇಳಿಸಿದಳು. ಮುಂದೆ ಜನವೋ ಜನ, ಎಲ್ಲರ ಬೆನ್ನೂ ಅವಳ ಕಡೆಗೇ. ಹುಟ್ಟಿದಾರಭ್ಯ ಬೆನ್ನ ಹಿಂದಿನದನ್ನು ಕಿವಿಯಿಂದಲೇ ನೋಡಿಕೊಂಡವರು. ಚೀಲ ಹೊತ್ತ ಮುದುಕಿ ತಿರುಗಲಿಲ್ಲ. ಮಗುವಿನ ಕೈ ಹಿಡಿದವಳು ತಿರುಗಲಿಲ್ಲ. ಹಾರ್ನು ಒತ್ತಿದರೆ ಬೆಚ್ಚಿ ಅಡ್ಡಕ್ಕೇ ನೆಗೆದಾರೆಂದು ಅದಕ್ಕೂ ಹೆದರಿಕೆ.

ಕಿಟಕಿಯ ಗಾಜು ಸರಿಸಿ ತಲೆ ಹೊರಗಿಟ್ಟಳು.

"ಬಸ್ಸು ಬಂತ್ರಪ್ಪಾ! ಅಜ್ಜೀ, ಪಕ್ಕಕ್ಕೆ ಬನ್ನಿ ತಾಯಿ! ಬಸ್ಸು ಬಂತು!"

ಒಳಗಿದ್ದ ವೀಕ್ಷಕಿಯೊಬ್ಬಳು, ಡ್ರೈವರು ಏನು ಹೇಳುತ್ತಿದ್ದಾಳೆಂದು ಕೇಳಿದಳು. ಜನರಿಗೆ ವಂದನೆ ಹೇಳುತ್ತಿದ್ದಾಳೆ ಎಂದರು ಜೊತೆಗೆ ಹತ್ತಿದ್ದ ಮ್ಯಾನೇಜರು, ಬೆವರೊರೆಸಿಕೊಳ್ಳುತ್ತ. ಓಡಿಸುತ್ತಿದ್ದವಳು ಹಿಂತಿರುಗಿ ನೋಡಲಿಲ್ಲ. ನಡಿಗೆಯ ವೇಗದಲ್ಲಿ, ಬೀದಿಯುದ್ದಕ್ಕೂ ಕೂಗುತ್ತಲೇ ಹೋದಳು.